ಕರಿಮೆಣಸಿನ ಕಷಾಯ ಕುಡಿದರೆ ಕಫ ಕರಗುತ್ತದೆಯೇ?

ನೆಗಡಿ, ಕೆಮ್ಮು ಶುರುವಾದರೆ ನಮ್ಮ ಮನೆಗಳಲ್ಲಿ ಮೊದಲು ತೆರೆಯುವುದು ಮಸಾಲೆ ಡಬ್ಬಿ. ಒಣಶುಂಠಿ, ಕುಟ್ಟಿದ ಕಾಳುಮೆಣಸು, ನಾಲ್ಕು ತುಳಸಿ ಎಲೆ ಹಾಕಿ ಕುದಿಸಿದ ಕಷಾಯ; ಮಧ್ಯಾಹ್ನದ ಊಟಕ್ಕೆ ಮೆಣಸಿನ ಸಾರು; ಮಲಗುವ ಮುಂಚೆ ಅರಿಶಿನ ಹಾಕಿದ ಹಾಲು. ಇದರ ಜೊತೆಗೇ ಬೇಡಗಳ ಪಟ್ಟಿಯೂ ಬರುತ್ತದೆ: ಮೊಸರು ಬೇಡ, ಬಾಳೆಹಣ್ಣು ಬೇಡ, ತಣ್ಣೀರು ಬೇಡ, ಹಾಲು ಕುಡಿದರೆ ಕಫ ಕಟ್ಟುತ್ತದೆ. ಹಾಲು ಕಫ ಕಟ್ಟಿಸುತ್ತದೆ ಎನ್ನುವವರೇ ಕಫಕ್ಕೆ ಅರಿಶಿನದ ಹಾಲು ಕೊಡುವುದನ್ನೂ ನಾವೆಲ್ಲ ನೋಡಿದ್ದೇವೆ.

ಈ ಮನೆಮದ್ದುಗಳೆಲ್ಲ ಸುಳ್ಳು ಎಂದು ತಳ್ಳಿಹಾಕುವುದು ಸುಲಭ, ಎಲ್ಲವೂ ವಿಜ್ಞಾನ ಎಂದು ಹೊಗಳುವುದು ಇನ್ನೂ ಸುಲಭ. ಆದರೆ ಇವುಗಳಲ್ಲಿ ಕೆಲವು ನಿಜವಾಗಿಯೂ ಕೆಲಸ ಮಾಡುತ್ತವೆ, ಕೆಲವು ಹಾಯೆನಿಸುತ್ತವೆ ಅಷ್ಟೆ, ಇನ್ನು ಕೆಲವು ಕಾಯಿಲೆಯನ್ನು ಹೆಚ್ಚಿಸಬಲ್ಲವು. ಯಾವುದು ಯಾವ ಸಾಲಿಗೆ ಸೇರುತ್ತದೆ ಎಂದು ಈ ಲೇಖನದಲ್ಲಿ ನೋಡೋಣ.

ಮೊದಲು, ಕಫ ಎಂದರೆ ಏನು?

ನಾವು 'ಕಫ' ಎಂಬ ಒಂದೇ ಪದವನ್ನು ಎರಡು ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಆಯುರ್ವೇದದ ಕಫ ಎಂಬುದು ವಾತ, ಪಿತ್ತಗಳ ಜೊತೆಗಿನ ಮೂರನೆಯ ದೋಷ. ದೇಹದ ಸ್ನಿಗ್ಧತೆ, ಭಾರ, ತಂಪು, ಸ್ಥಿರತೆ ಎಲ್ಲವನ್ನೂ ಅದರ ಲೆಕ್ಕಕ್ಕೆ ಹಾಕುತ್ತಾರೆ. ಕೆಮ್ಮಿದಾಗ ಹೊರಬರುವ ಕಫ ಮಾತ್ರ ಕೈಯಲ್ಲಿ ಹಿಡಿದು ಪರೀಕ್ಷಿಸಬಹುದಾದ ವಸ್ತು. ಮೂಗಿನಲ್ಲಿದ್ದರೆ ಸಿಂಬಳ, ಎದೆಯಿಂದ ಬಂದರೆ ಕಫ. ಎರಡೂ ಲೋಳೆಯೇ. 'ಕಫ ಪ್ರಕೃತಿಯವರು' ಎಂದಾಕ್ಷಣ ಅವರ ಎದೆಯಲ್ಲಿ ಲೋಳೆ ತುಂಬಿದೆ ಎಂದು ಅರ್ಥವಲ್ಲ. ಈ ಎರಡನ್ನು ಬೆರೆಸಿ ಮಾತನಾಡುವುದರಿಂದಲೇ ಅರ್ಧಕ್ಕರ್ಧ ಗೊಂದಲ ಹುಟ್ಟುತ್ತದೆ.

ಲೋಳೆಯಲ್ಲಿ ಶೇ. 95ರಷ್ಟು ಬರೀ ನೀರು. ಉಳಿದದ್ದು ಉಪ್ಪು, ರೋಗಾಣುಗಳ ವಿರುದ್ಧ ಹೋರಾಡುವ ಪದಾರ್ಥಗಳು ಮತ್ತು ಮ್ಯೂಸಿನ್ ಎಂಬ ಪ್ರೋಟೀನು. ಅಂಟುಗುಣ ಕೊಡುವುದು ಈ ಮ್ಯೂಸಿನ್. ನಾವು ಉಸಿರಿನೊಂದಿಗೆ ಎಳೆದುಕೊಳ್ಳುವ ದೂಳು, ಹೊಗೆಯ ಕಣ, ರೋಗಾಣು ಎಲ್ಲವೂ ಇದಕ್ಕೆ ಅಂಟಿಕೊಳ್ಳುತ್ತವೆ. ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತ, ಈ ಲೋಳೆಯ ಹಾಸನ್ನು ನಿಧಾನವಾಗಿ ಗಂಟಲಿನ ಕಡೆಗೆ ಸಾಗಿಸುತ್ತವೆ. ಅಲ್ಲಿಂದ ಅದನ್ನು ನಾವು ನುಂಗುತ್ತೇವೆ. ಹೌದು, ಆರೋಗ್ಯವಂತರೂ ದಿನವಿಡೀ ಲೋಳೆ ನುಂಗುತ್ತಲೇ ಇರುತ್ತಾರೆ, ಗಮನಕ್ಕೆ ಬರುವುದಿಲ್ಲ ಅಷ್ಟೆ. ಹೊಟ್ಟೆಗೆ ಹೋದರೆ ಏನಾದೀತೋ ಎಂದು ಹೆದರುವ ಅಗತ್ಯವಿಲ್ಲ. ಜಠರದ ಆಮ್ಲ ಅದನ್ನು ನೋಡಿಕೊಳ್ಳುತ್ತದೆ.

ತೊಂದರೆ ಶುರುವಾಗುವುದು ಲೋಳೆ ವಿಪರೀತ ಉತ್ಪತ್ತಿಯಾದಾಗ, ಗಟ್ಟಿಯಾದಾಗ ಅಥವಾ ರೋಮಗಳು ದುರ್ಬಲವಾಗಿ ಅದು ಮುಂದೆ ಸಾಗದಿದ್ದಾಗ. ವೈರಸ್, ಅಲರ್ಜಿ, ಆಸ್ತಮಾ, ಬೀಡಿ-ಸಿಗರೇಟು, ಸೌದೆ ಒಲೆಯ ಹೊಗೆ, ಹೊಟ್ಟೆಯಿಂದ ಗಂಟಲಿಗೆ ಏರುವ ಆಮ್ಲ, ಕ್ಷಯ - ಕಾರಣಗಳು ಹಲವು. ಎಲ್ಲಕ್ಕೂ ಒಂದೇ ಕಷಾಯ ಮದ್ದಾಗಬೇಕು ಎಂದು ನಿರೀಕ್ಷಿಸುವುದೇ ನಮ್ಮ ಮನೆಮದ್ದಿನ ದೊಡ್ಡ ದೌರ್ಬಲ್ಯ.

'ಉಷ್ಣ' ಪದಾರ್ಥಗಳ ಲೆಕ್ಕಾಚಾರ

ಕಫ ತಂಪು, ಜಡ. ಅದಕ್ಕೆ ಎದುರಾಗಿ ಉಷ್ಣ, ತೀಕ್ಷ್ಣ ಪದಾರ್ಥ ಕೊಡಬೇಕು. ಆಯುರ್ವೇದದ ತರ್ಕ ಇದು. ಶುಂಠಿ, ಮೆಣಸು, ಹಿಪ್ಪಲಿ ಸೇರಿದ 'ತ್ರಿಕಟು' ಹುಟ್ಟಿದ್ದು ಇಲ್ಲಿಂದ. ಕುತೂಹಲದ ಸಂಗತಿಯೆಂದರೆ ಪ್ರಾಚೀನ ಗ್ರೀಕ್ ಮತ್ತು ರೋಮನ್ ವೈದ್ಯರೂ ಹೀಗೇ ಯೋಚಿಸುತ್ತಿದ್ದರು. ಅವರ ನಾಲ್ಕು ದೇಹರಸಗಳಲ್ಲಿ ಒಂದು ಕಫ, ಅದರ ಗುಣ ತಂಪು ಮತ್ತು ತೇವ. ಮೆಣಸು ಅವರಿಗೂ ಬಿಸಿ ಮತ್ತು ಒಣ ಪದಾರ್ಥವೇ ಆಗಿತ್ತು. ಆ ಮೆಣಸು ಹಡಗೇರಿ ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ.

ಕನ್ನಡದಲ್ಲಿ 'ಮೆಣಸು' ಎಂಬುದೇ ಮೂಲದಲ್ಲಿ ಈ ಬಳ್ಳಿಯ ಕಾಳಿನ ಹೆಸರು. ಪೋರ್ಚುಗೀಸರು ಅಮೆರಿಕ ಖಂಡದ ಖಾರದ ಕಾಯಿಯನ್ನು ತಂದಮೇಲೆ ಅದಕ್ಕೆ ಮೆಣಸಿನಕಾಯಿ ಎಂದು ಹೆಸರಿಟ್ಟೆವು. ಕಾಲಕ್ರಮದಲ್ಲಿ ಹೊಸಬನೇ ಮನೆಯೊಡೆಯನಾಗಿ, ಹಳಬನಿಗೆ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಸೇರಿಸಬೇಕಾಯಿತು.

ಈಗ ಪ್ರಶ್ನೆ: ಮೆಣಸು ನಿಜಕ್ಕೂ 'ಉಷ್ಣ'ವೇ? ಥರ್ಮಾಮೀಟರಿನ ಲೆಕ್ಕದಲ್ಲಿ ಅಲ್ಲ. ನಮ್ಮ ನರಗಳ ಲೆಕ್ಕದಲ್ಲಿ ಹೌದು. ಬಾಯಿ, ಮೂಗು, ಗಂಟಲಿನ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಒಂದು ಗ್ರಾಹಕವಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ತಾಗಿದರೆ ಅದು ಮೆದುಳಿಗೆ 'ಸುಡುತ್ತಿದೆ' ಎಂಬ ಸಂದೇಶ ಕಳಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇದೇ ಗ್ರಾಹಕಕ್ಕೆ ಅಂಟಿಕೊಂಡು ಅದೇ ಸಂದೇಶ ಹೊರಡಿಸುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಇದನ್ನು ಪತ್ತೆಹಚ್ಚಿತು. ಆ ಸಾಲಿನ ಸಂಶೋಧನೆಗೆ 2021ರಲ್ಲಿ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ನೊಬೆಲ್ ಬಂತು. ಕರಿಮೆಣಸಿನ ಪಿಪರಿನ್, ಶುಂಠಿಯ ಜಿಂಜೆರಾಲ್ ಕೂಡ ಇದೇ ಬಾಗಿಲನ್ನು ತಟ್ಟುತ್ತವೆ, ಕ್ಯಾಪ್ಸೈಸಿನ್‌ನಷ್ಟು ಜೋರಾಗಿ ಅಲ್ಲ. ಶುಂಠಿ ಒಣಗಿದಾಗ ಜಿಂಜೆರಾಲ್‌ನ ಒಂದು ಭಾಗ ಇನ್ನೂ ಖಾರವಾದ ಶೋಗಾಲ್ ಆಗುತ್ತದೆ. ಹಾಗಾಗಿ ಕಷಾಯಕ್ಕೆ ಹಸಿಶುಂಠಿಗಿಂತ ಒಣಶುಂಠಿ ಹೆಚ್ಚು 'ಘಾಟು' ಎಂಬ ಅಜ್ಜಿಯರ ಮಾತು ಸರಿಯಾಗಿಯೇ ಇದೆ.

ಈ ಸಂದೇಶ ಹೊರಟ ಕೂಡಲೇ ದೇಹ ಎಚ್ಚೆತ್ತು ಎಲ್ಲ ಕೊಳಾಯಿಗಳನ್ನೂ ತಿರುಗಿಸುತ್ತದೆ. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಮೂಗಿನಲ್ಲಿ ನೀರಾದ ಸಿಂಬಳ. ಖಾರದ ಸಾರು ಉಂಡಾಗ ಮೂಗು ಸೋರುವುದನ್ನು ಕಂಡು 'ಕಟ್ಟಿದ್ದ ಕಫವೆಲ್ಲ ಕರಗಿ ಹೋಯಿತು' ಎಂದುಕೊಳ್ಳುತ್ತೇವೆ. ಆಗುವುದು ಸ್ವಲ್ಪ ಬೇರೆ. ಹಳೆಯದು ಕರಗಿದ್ದಲ್ಲ, ಗ್ರಂಥಿಗಳು ಹೊಸದಾಗಿ ತೆಳುವಾದ ಲೋಳೆ ಸುರಿಸಿದ್ದು. ಇದರ ಹರಿವಿನಲ್ಲಿ ಗಟ್ಟಿಯಾದದ್ದೂ ಸ್ವಲ್ಪ ಸಡಿಲಗೊಂಡು ಹೊರಬರಬಹುದು, ಆದ್ದರಿಂದ ಹಾಯೆನಿಸುವುದು ಸುಳ್ಳಲ್ಲ. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೂಗು ಮತ್ತೆ ಮೊದಲಿನಂತೆ. ನೆಗಡಿಯ ವೈರಸ್ಸಿಗೆ ಇದ್ಯಾವುದೂ ತಾಗುವುದಿಲ್ಲ.

ಎದೆಯ ಕಫದ ಕಥೆ ಇನ್ನಷ್ಟು ದೂರದ್ದು. ನುಂಗಿದ ಕಷಾಯ ಅನ್ನನಾಳಕ್ಕೆ ಹೋಗುತ್ತದೆ, ಶ್ವಾಸನಾಳಕ್ಕಲ್ಲ. ಹೊಟ್ಟೆಯನ್ನು ತುಸು ಕೆಣಕಿದರೆ ನರಗಳ ಮೂಲಕ ಶ್ವಾಸನಾಳದ ಗ್ರಂಥಿಗಳೂ ಸ್ರವಿಸಬಲ್ಲವು ಎಂಬ ವಿವರಣೆಯಿದೆ; ಕೆಮ್ಮಿನ ಸಿರಪ್ಪುಗಳಲ್ಲಿರುವ ಗ್ವಾಯ್‌ಫೆನೆಸಿನ್ ಹೀಗೇ ಕೆಲಸ ಮಾಡುತ್ತದೆ ಎನ್ನುತ್ತಾರೆ. ಮೆಣಸು, ಶುಂಠಿಗೂ ಈ ಗುಣ ಸ್ವಲ್ಪ ಇರಬಹುದು. ಆದರೆ ಎದೆಯ ಕಫವನ್ನು ಇವು ಗಣನೀಯವಾಗಿ ಇಳಿಸುತ್ತವೆ ಎಂದು ಗಟ್ಟಿಯಾಗಿ ಹೇಳಬಲ್ಲ ಪ್ರಯೋಗಗಳಿಲ್ಲ.

ಹಿತ್ತಲ ಗಿಡವೊಂದು ಮಾತ್ರ ಈ ವಿಷಯದಲ್ಲಿ ದೊಡ್ಡ ಹೆಸರು ಮಾಡಿತು. ಅದು ಆಡುಸೋಗೆ. ಅದರಲ್ಲಿರುವ ವ್ಯಾಸಿಸಿನ್ ಎಂಬ ರಾಸಾಯನಿಕದ ಮಾದರಿಯಲ್ಲಿಯೇ ಬ್ರೋಮ್‌ಹೆಕ್ಸಿನ್ ಎಂಬ ಔಷಧ ತಯಾರಾಯಿತು, ಅದರಿಂದ ಆಂಬ್ರಾಕ್ಸಾಲ್. ಇವತ್ತು ಔಷಧಿ ಅಂಗಡಿಯಲ್ಲಿ ಸಿಗುವ ಕಫದ ಸಿರಪ್ಪುಗಳ ಹಿಂದಿನ ಚೀಟಿ ಓದಿದರೆ ಈ ಎರಡರಲ್ಲಿ ಒಂದು ಹೆಸರು ಕಾಣುವ ಸಾಧ್ಯತೆ ಹೆಚ್ಚು.

ಕಷಾಯದಲ್ಲಿ ಕೆಲಸ ಮಾಡುವುದು ಮೆಣಸೋ, ಬಿಸಿನೀರೋ?

1978ರಲ್ಲಿ ಅಮೆರಿಕದ ವೈದ್ಯರು 15 ಮಂದಿ ಆರೋಗ್ಯವಂತರಿಗೆ ಬಿಸಿನೀರು, ತಣ್ಣೀರು ಮತ್ತು ಬಿಸಿ ಕೋಳಿ ಸೂಪು ಕುಡಿಸಿ, ಮೂಗಿನೊಳಗಿನ ಲೋಳೆ ಎಷ್ಟು ವೇಗವಾಗಿ ಸಾಗುತ್ತದೆ ಎಂದು ಅಳೆದರು. ಬಿಸಿನೀರು ಗುಟುಕರಿಸಿದಾಗ ವೇಗ ನಿಮಿಷಕ್ಕೆ 6.2 ಮಿಲಿಮೀಟರಿನಿಂದ 8.4ಕ್ಕೆ ಏರಿತು. ಸೂಪಿನಿಂದ 6.9 ಇದ್ದದ್ದು 9.2 ಆಯಿತು. ತಣ್ಣೀರಿನಿಂದ 7.3 ಇದ್ದದ್ದು 4.5ಕ್ಕೆ ಇಳಿಯಿತು. ಬಿಸಿ ಪಾನೀಯದ ಪರಿಣಾಮ ಅರ್ಧ ಗಂಟೆಯೊಳಗೆ ಅಳಿಸಿಹೋಗಿತ್ತು. ಲೋಟದಿಂದ ಮೂಗಿಗೇರುವ ಹಬೆಗೆ ಇದರಲ್ಲಿ ಪಾತ್ರವಿದೆ ಎಂಬುದು ಅವರ ಅಭಿಪ್ರಾಯ. ಹದಿನೈದೇ ಜನರ ಪುಟ್ಟ ಪ್ರಯೋಗ, ನಿಜ. ಆದರೂ ನೆಗಡಿಯಲ್ಲಿ ತಣ್ಣೀರು ಬೇಡ ಎನ್ನುವ ಮಾತಿಗೆ ತುಸುವಾದರೂ ಬಲ ಸಿಗುವುದು ಇಲ್ಲಿ.

2008ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನೆಗಡಿಯಾದ 30 ಮಂದಿಗೆ ಹಣ್ಣಿನ ಪಾನಕವನ್ನು ಬಿಸಿಯಾಗಿ ಮತ್ತು ಕೋಣೆಯ ಉಷ್ಣತೆಯಲ್ಲಿ ಕೊಟ್ಟು ನೋಡಿದರು. ಬಿಸಿಯಾಗಿ ಕುಡಿದವರಿಗೆ ಮೂಗು ಸೋರುವುದು, ಕೆಮ್ಮು, ಸೀನು, ಗಂಟಲು ನೋವು, ಚಳಿ, ಸುಸ್ತು ಎಲ್ಲವೂ ಕೂಡಲೇ ಕಡಿಮೆಯಾದಂತೆ ಅನಿಸಿತು. ಯಂತ್ರದಲ್ಲಿ ಅಳೆದರೆ ಮೂಗಿನೊಳಗಿನ ಗಾಳಿಯ ಹರಿವು ಬದಲಾಗಿರಲಿಲ್ಲ. ಪುದೀನ ಜಾತಿಯ ಮೆಂಥಾಲ್, ನೋವಿನ ಮುಲಾಮುಗಳ ಕಥೆಯೂ ಇದೇ. ಅವು ತಂಪನ್ನು ಗುರುತಿಸುವ ನರಗಳನ್ನು ಕೆಣಕಿ ಮೂಗು ತೆರೆದುಕೊಂಡ ಭಾವನೆ ಕೊಡುತ್ತವೆ. ದಾರಿ ಅಷ್ಟೇ ಕಿರಿದಾಗಿರುತ್ತದೆ. ರಾತ್ರಿ ನಿದ್ದೆ ಬರುವಷ್ಟು ಹಾಯೆನಿಸಿದರೆ ಅದೂ ಒಂದು ಉಪಕಾರವೇ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಚಿಕಿತ್ಸೆ ಎಂದು ಕರೆಯಬಾರದು, ಅಷ್ಟೆ.

ಹಾಗೆಂದು ಲೀಟರುಗಟ್ಟಲೆ ನೀರು ಕುಡಿದರೆ ಕಫ ಇನ್ನೂ ತೆಳುವಾಗುತ್ತದೆ ಎಂದಲ್ಲ. ದೀರ್ಘಕಾಲದ ಬ್ರಾಂಕೈಟಿಸ್ ಇರುವವರಿಗೆ ಹೆಚ್ಚುವರಿ ನೀರು ಕುಡಿಸಿ ನೋಡಿದಾಗ ಕಫದ ಪ್ರಮಾಣದಲ್ಲಾಗಲಿ, ಗುಣದಲ್ಲಾಗಲಿ ವ್ಯತ್ಯಾಸ ಕಂಡಿರಲಿಲ್ಲ. ಬಾಯಿ ಒಣಗದಂತೆ, ಮೂತ್ರ ಗಾಢ ಹಳದಿಯಾಗದಂತೆ ಕುಡಿದರೆ ಸಾಕು.

ಹಾಲು, ಮೊಸರು, ಬಾಳೆಹಣ್ಣು

ಹಾಲಿನಿಂದ ಕಫ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಬಹುತೇಕ ಎಲ್ಲ ಕಡೆ ಇದೆ. ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಪರೀಕ್ಷಿಸಲು 60 ಮಂದಿ ಸ್ವಯಂಸೇವಕರಿಗೆ ನೆಗಡಿಯ ವೈರಸ್ ಕೊಟ್ಟು, ಅವರು ಎಷ್ಟು ಹಾಲು ಕುಡಿದರು ಎಂದು ಬರೆದಿಟ್ಟುಕೊಂಡು, ಬಳಸಿದ ಟಿಶ್ಯೂ ಕಾಗದಗಳನ್ನೆಲ್ಲ ಸಂಗ್ರಹಿಸಿ ಸಿಂಬಳದ ತೂಕ ಹಾಕಿದರು. ದಿನಕ್ಕೆ ಒಂದು ತೊಟ್ಟೂ ಹಾಲು ಕುಡಿಯದವರಿಂದ ಹಿಡಿದು ಹನ್ನೊಂದು ಲೋಟ ಕುಡಿದವರವರೆಗೆ ಇದ್ದರು. 1990ರಲ್ಲಿ ಪ್ರಕಟವಾದ ಫಲಿತಾಂಶ: ಹಾಲಿಗೂ ಸಿಂಬಳದ ತೂಕಕ್ಕೂ ಸಂಬಂಧವಿರಲಿಲ್ಲ. ಅದೇ ತಂಡದವರು ಬಳಿಕ ರುಚಿ ಮರೆಮಾಚಿದ ಹಸುವಿನ ಹಾಲು ಮತ್ತು ಸೋಯಾ ಪಾನೀಯವನ್ನು ಕೊಟ್ಟಾಗ, ಗಂಟಲಲ್ಲಿ ಏನೋ ಅಂಟಿದಂತಾಯಿತು ಎನ್ನುವ ದೂರು ಎರಡರಲ್ಲೂ ಒಂದೇ ತೆರನಾಗಿತ್ತು. ಹಾಲಿನ ಕೊಬ್ಬು ಎಂಜಲಿನೊಂದಿಗೆ ಬೆರೆತು ಕೆಲಹೊತ್ತು ಗಂಟಲಿಗೆ ಲೇಪವಾಗುತ್ತದೆ; ಅದನ್ನು ನಾವು ಕಫ ಎಂದುಕೊಳ್ಳುತ್ತೇವೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಾಲು ಬಿಟ್ಟವರು ಗಂಟಲ ಕಫ ಕಡಿಮೆಯಾಯಿತು ಎಂದು ಹೇಳಿಕೊಂಡಿದ್ದೂ ಇದೆ. ಹಾಗಾಗಿ ನಿಮಗೆ ಹಾಲು ಕುಡಿದರೆ ಗಂಟಲು ಕಟ್ಟಿದಂತಾಗುವುದಾದರೆ ನೆಗಡಿ ಇರುವ ನಾಲ್ಕು ದಿನ ಬಿಡಿ, ನಷ್ಟವಿಲ್ಲ. ಸದಾ ಮೂಗು ಸೋರುವ ಮಗುವಿಗೆ ವರ್ಷವಿಡೀ ಹಾಲು, ಮೊಸರು ಎರಡನ್ನೂ ನಿಲ್ಲಿಸಿಬಿಡುವುದು ಮಾತ್ರ ತಪ್ಪು. ಸಸ್ಯಾಹಾರಿ ಮನೆಗಳಲ್ಲಿ ಮಗುವಿನ ಕ್ಯಾಲ್ಸಿಯಂ, ಪ್ರೋಟೀನು, ಬಿ12ಗೆ ಹಾಲು, ಮೊಸರೇ ಮುಖ್ಯ ಆಸರೆ.

ಬಾಳೆಹಣ್ಣು, ಮೊಸರಿನ ಮೇಲಿನ ಆರೋಪಕ್ಕೆ ಇಷ್ಟು ಮಟ್ಟಿನ ಪರೀಕ್ಷೆಯೂ ನಡೆದಿಲ್ಲ. ಫ್ರಿಜ್ಜಿನಿಂದ ತೆಗೆದ ಮೊಸರಿಗಿಂತ ಹೊರಗಿಟ್ಟ ಮೊಸರು ಗಂಟಲಿಗೆ ಹಿತ ಎನ್ನುವಲ್ಲಿಗೆ ಮಾತು ನಿಲ್ಲಿಸಬಹುದು.

ಅರಿಶಿನಕ್ಕೆ ಚಿಟಿಕೆ ಮೆಣಸು: ಬೆಂಗಳೂರಿನಿಂದ ಹೊರಟ ಲೆಕ್ಕ

'ಅರಿಶಿನದ ಹಾಲಿಗೆ ಚಿಟಿಕೆ ಕರಿಮೆಣಸು ಹಾಕಿದರೆ ಶಕ್ತಿ ಇಪ್ಪತ್ತು ಪಟ್ಟು ಹೆಚ್ಚುತ್ತದೆ' ಎಂಬ ಸಂದೇಶ ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಇದರ ಮೂಲ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಸಂಶೋಧನೆ. ಅರಿಶಿನದ ಮುಖ್ಯ ಅಂಶ ಕರ್ಕ್ಯುಮಿನ್. ಅದು ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪಿಪರಿನ್ ಕೊಟ್ಟಾಗ ರಕ್ತಕ್ಕೆ ಸೇರಿದ ಪ್ರಮಾಣ ಶೇ. 2000ದಷ್ಟು ಹೆಚ್ಚಿತು. ಸಂಶೋಧನೆ ನಿಜ, ಆದರೆ ಲೆಕ್ಕ ನೋಡಿ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ತೂಕದ ಸುಮಾರು ಶೇ. 3. ಅಂದರೆ 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ 60 ಗ್ರಾಮಿಗೂ ಹೆಚ್ಚು ಅರಿಶಿನ ನುಂಗಬೇಕು. 2020ರ ಕೋವಿಡ್ ಕಾಲದಲ್ಲಿ ಆಯುಷ್ ಸಚಿವಾಲಯ ಹೇಳಿದ್ದು 150 ಮಿಲಿಲೀಟರ್ ಹಾಲಿಗೆ ಅರ್ಧ ಟೀ ಚಮಚ. ಅದರಲ್ಲಿ ಸಿಗುವುದು ಹೆಚ್ಚೆಂದರೆ ಐವತ್ತು ಮಿಲಿಗ್ರಾಂ ಆಸುಪಾಸು. ಅಲ್ಲದೆ ಆ ಪ್ರಯೋಗ ಅಳೆದದ್ದು ರಕ್ತದಲ್ಲಿನ ಪ್ರಮಾಣವನ್ನು. ಕಫ, ಕೆಮ್ಮು ಅದರ ವಿಷಯವೇ ಆಗಿರಲಿಲ್ಲ.

ಈ ಕೊರತೆ ತುಂಬಿಕೊಳ್ಳಲು ಪಿಪರಿನ್ ಬೆರೆಸಿದ ಕರ್ಕ್ಯುಮಿನ್ ಮಾತ್ರೆ ನುಂಗುವವರಿದ್ದಾರೆ. ಇಂಥ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಅಮೆರಿಕ ಮೊದಲಾದ ದೇಶಗಳಲ್ಲಿ ವರದಿಯಾಗಿವೆ. ಪಿಪರಿನ್ ಹೆಚ್ಚಿಸುವುದು ಕರ್ಕ್ಯುಮಿನ್ ಒಂದನ್ನೇ ಅಲ್ಲ. ಕೆಲವು ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಅಡುಗೆಯ ಪ್ರಮಾಣದಲ್ಲಿ ಈ ಭಯವಿಲ್ಲ.

ಜೇನುತುಪ್ಪ ಗೆದ್ದ ಪರೀಕ್ಷೆ

ಮಸಾಲೆಗಳಿಗಿಂತ ಒಳ್ಳೆಯ ಪುರಾವೆ ಇರುವುದು ಕಷಾಯಕ್ಕೆ ನಾವು ಬೆರೆಸುವ ಜೇನುತುಪ್ಪಕ್ಕೆ. 2007ರಲ್ಲಿ ಅಮೆರಿಕದಲ್ಲಿ ಕೆಮ್ಮಿದ್ದ 105 ಮಕ್ಕಳಲ್ಲಿ ನಡೆದ ಪ್ರಯೋಗದಲ್ಲಿ, ಮಲಗುವ ಮುಂಚೆ ಒಂದು ಬಾರಿ ಜೇನುತುಪ್ಪ ಕೊಟ್ಟವರಲ್ಲಿ ಏನೂ ಕೊಡದವರಿಗಿಂತ ರಾತ್ರಿಯ ಕೆಮ್ಮು ಕಡಿಮೆಯಾಗಿ ನಿದ್ದೆ ಚೆನ್ನಾಗಿತ್ತು. ಆಮೇಲಿನ ಪ್ರಯೋಗಗಳೂ ಬಹುಮಟ್ಟಿಗೆ ಇದನ್ನೇ ಹೇಳುತ್ತವೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನನ್ನು ನೆಕ್ಕಿಸಲೂಬಾರದು. ಅದರಲ್ಲಿ ಇರಬಹುದಾದ ಬೊಟ್ಯುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉತ್ಪಾದಿಸಿ ಸ್ನಾಯುಗಳ ಶಕ್ತಿ ಕಸಿಯುತ್ತವೆ. ನಾಮಕರಣದ ದಿನ ಜೇನು ನೆಕ್ಕಿಸುವ ಮನೆಗಳವರು ಇದನ್ನು ದಯವಿಟ್ಟು ಗಮನಿಸಬೇಕು.

ಕಷಾಯ ಕೆಡುಕಾಗುವುದು ಯಾವಾಗ?

ತಿಂಗಳುಗಟ್ಟಲೆ ಗಂಟಲಲ್ಲಿ ಕಫ ಸಿಕ್ಕಿಕೊಂಡಂತೆ ಅನಿಸಿ, ಸದಾ ಕ್ಯಾಕರಿಸುತ್ತ, ಖಾಲಿ ಹೊಟ್ಟೆಯಲ್ಲಿ ದಿನಕ್ಕೆರಡು ಸಲ ಮೆಣಸು-ಶುಂಠಿ ಕಷಾಯ ಕುಡಿಯುವವರು ಬಹಳ ಮಂದಿ. ಇವರಲ್ಲಿ ಹಲವರ ತೊಂದರೆ ಎದೆಯದ್ದಲ್ಲ, ಹೊಟ್ಟೆಯದ್ದು. ಜಠರದ ಆಮ್ಲ ಗಂಟಲವರೆಗೆ ಏರಿ ಅಲ್ಲಿನ ಪೊರೆಯನ್ನು ಕೆರಳಿಸಿದಾಗ, ಆ ಪೊರೆ ರಕ್ಷಣೆಗಾಗಿ ಲೋಳೆ ಸುರಿಸುತ್ತದೆ. ಎದೆಯುರಿ ಇರಲೇಬೇಕೆಂದಿಲ್ಲ, ಬೆಳಿಗ್ಗೆ ಸ್ವರ ಗೊಗ್ಗರಾಗುವುದು, ಊಟವಾದ ಮೇಲೆ ಅಥವಾ ಮಲಗಿದಾಗ ಕೆಮ್ಮು ಬರುವುದು ಇದರ ಸುಳಿವು. ಇಂಥವರಿಗೆ ಖಾರದ ಕಷಾಯ ಉರಿಯುವ ಗಾಯಕ್ಕೆ ಉಪ್ಪು ಸವರಿದಂತೆ. ಕುಡಿದಷ್ಟೂ ಕಫ, ಕಫವಾದಷ್ಟೂ ಕಷಾಯ. ಕಷಾಯ ನಿಲ್ಲಿಸಿ, ರಾತ್ರಿಯೂಟ ಮಲಗುವ ಎರಡು-ಮೂರು ಗಂಟೆ ಮುಂಚೆ ಮುಗಿಸಿ, ಕಾಫಿ ಕಡಿಮೆ ಮಾಡಿ ಕೆಲವು ವಾರ ನೋಡುವುದು ಇವರಿಗೆ ಸರಿಯಾದ ದಾರಿ.

ಕಷಾಯಕ್ಕೆ ಸಿಹಿಗಾಗಿ ಹಾಕುವ ಜೇಷ್ಠಮಧು (ಅತಿಮಧುರ) ದಿನನಿತ್ಯ ಹೆಚ್ಚು ಸೇರಿದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಷಿಯಂ ಇಳಿಯುತ್ತದೆ. ಬಿಪಿ ಮಾತ್ರೆ ನುಂಗುವವರು ಅದನ್ನು ಬಿಡುವುದೇ ಮೇಲು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಶುಂಠಿ, ಅರಿಶಿನವನ್ನು ಅಡುಗೆಯ ಮಿತಿಯಲ್ಲೇ ಇಟ್ಟುಕೊಳ್ಳಬೇಕು. ಕೂಸುಗಳಿಗೆ ಮೆಣಸು, ಬೆಳ್ಳುಳ್ಳಿ, ದೊಡ್ಡಪತ್ರೆ ರಸವನ್ನು ಒತ್ತಾಯದಿಂದ ಗಂಟಲಿಗೆ ಹುಯ್ಯುವುದು, ಮೂಗಿಗೆ ಎಣ್ಣೆ ಬಿಡುವುದು ಇನ್ನೂ ಅಪಾಯ. ಅದು ಶ್ವಾಸಕೋಶಕ್ಕೆ ಇಳಿದರೆ ಸಾಮಾನ್ಯ ನೆಗಡಿ ನ್ಯುಮೋನಿಯಾ ಆಗಬಹುದು. ಮಕ್ಕಳನ್ನು ಕುದಿಯುವ ನೀರಿನ ಪಾತ್ರೆಯ ಮುಂದೆ ಕಂಬಳಿ ಹೊದಿಸಿ ಕೂರಿಸಿದಾಗ ಪಾತ್ರೆ ಮಗುಚಿ ಸುಟ್ಟ ಪ್ರಕರಣಗಳು ಆಸ್ಪತ್ರೆಗಳಿಗೆ ಹೊಸದಲ್ಲ.

ಕಟ್ಟಿದ ಮೂಗಿಗೆ ಹಬೆಗಿಂತ ಉಪ್ಪುನೀರು ಮೇಲು. ಅರ್ಧ ಲೀಟರ್ ನೀರಿಗೆ ಮಟ್ಟಸ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಹಾಕಿ, ಮೂಗು ತೊಳೆಯುವುದು. ಯೋಗದವರ ಜಲನೇತಿಯೂ ಇದೇ. ನೀರನ್ನು ಕುದಿಸಿ ಆರಿಸಿಯೇ ಬಳಸಬೇಕು, ನಲ್ಲಿಯ ಅಥವಾ ಬಾವಿಯ ನೀರನ್ನು ನೇರವಾಗಿ ಬಳಸಬಾರದು. ನೆರೆಯ ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಸುದ್ದಿಯಾದ ಮಿದುಳು ತಿನ್ನುವ ಅಮೀಬಾ ದೇಹದೊಳಗೆ ಹೋಗುವುದು ಮೂಗಿನ ದಾರಿಯಲ್ಲೇ.

ಕಷಾಯ ಬಿಟ್ಟು ವೈದ್ಯರ ಬಳಿ ಹೋಗಬೇಕಾದಾಗ

ಕಫದ ಬಣ್ಣ ಹಳದಿ, ಹಸಿರಾದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ಹಸಿರು ಬರುವುದು ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವದಿಂದ. ಸಾಮಾನ್ಯ ನೆಗಡಿಯಲ್ಲೂ ಹಾಗಾಗುತ್ತದೆ. ಗಮನಿಸಬೇಕಾದದ್ದು ಬೇರೆ.

ಕೆಮ್ಮುವ ಮಗು ಅಳದೆ ಸುಮ್ಮನಿದ್ದಾಗ ಅದರ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆಸ್ತಮಾ ಇರುವವರು ಕಷಾಯ ನೆಚ್ಚಿ ಇನ್‌ಹೇಲರ್ ಬಿಡುವುದು ಜೀವಕ್ಕೇ ಅಪಾಯ.

ದೊಡ್ಡವರಲ್ಲಿ ಕಫದೊಂದಿಗೆ ರಕ್ತ, ಸಂಜೆಯ ಜ್ವರ, ತೂಕ ಇಳಿಕೆ, ಏದುಸಿರು ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ಬೇರೇನೂ ಇಲ್ಲದೆ ಕೆಮ್ಮು ಎರಡು ವಾರ ದಾಟಿದ್ದರೂ ಕ್ಷಯದ ಪರೀಕ್ಷೆ ಮಾಡಿಸಬೇಕು. ಎಷ್ಟೋ ಮನೆಗಳಲ್ಲಿ ಈ ಎರಡು ವಾರ ಕಷಾಯ ಬದಲಾಯಿಸುತ್ತಲೇ ಎರಡು ತಿಂಗಳಾಗುತ್ತದೆ, ಅಷ್ಟರಲ್ಲಿ ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಸೋಂಕು ತಗಲಬಹುದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯದ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಪರೀಕ್ಷೆಗೆ ಕೊಡಬೇಕಾದದ್ದು ಬಾಯಿಯ ಎಂಜಲನ್ನಲ್ಲ, ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ತೆಗೆದ ಕಫವನ್ನು. ಬೆಳಿಗ್ಗೆ ಎದ್ದೊಡನೆ ಬರುವುದು ಇದಕ್ಕೆ ಉತ್ತಮ.